ಮೀನು ಕೊಟ್ಟ ಗಿಡಕ್ಕೆ ಬೂದಿಯೂ ಬೇಕು

ಕರಾವಳಿಯ ಮನೆಗಳಲ್ಲಿ ಮೀನು ತೊಳೆದ ನೀರು ಮೋರಿಗೆ ಹೋಗುವುದು ಅಪರೂಪ. ಬಸಳೆ ಚಪ್ಪರದ ಬುಡಕ್ಕೋ ಕರಿಬೇವಿನ ಗಿಡಕ್ಕೋ ಅದನ್ನು ಎರಚುವುದು ವಾಡಿಕೆ. ಬಲೆಗೆ ಬೂತಾಯಿ ರಾಶಿ ಬಿದ್ದು ಬೆಲೆ ಇಳಿದಾಗ ಬುಟ್ಟಿಗಟ್ಟಲೆ ಮೀನು ತೆಂಗಿನ ಬುಡ ಸೇರುವುದೂ ಹೊಸತಲ್ಲ. ಈಗ ಅದೇ ಮೀನು ಬಾಟಲಿಯಲ್ಲಿ ದ್ರವಗೊಬ್ಬರವಾಗಿ ಬೆಂಗಳೂರಿನ ತಾರಸಿ ತೋಟಗಳಿಗೂ ಬಂದಿದೆ. ಬರಲಿ, ಒಳ್ಳೆಯದೇ. ಕೈತೋಟಕ್ಕೆ ಮೀನಿಗಿಂತ ಬಲವಾದ ಸಾವಯವ ಗೊಬ್ಬರಗಳು ಕಡಿಮೆ. ಆದರೆ ಮೀನೊಂದೇ ಸಾಲದು ಎಂಬುದನ್ನು ಬಳಸುವವರು ತಿಳಿದಿರಬೇಕು.

ಗಿಡಕ್ಕೆ ಮೀನು ಉಣಿಸುವ ವಿದ್ಯೆ ನಮ್ಮಲ್ಲಿ ಹಳೆಯದು. ಸುರಪಾಲನ ‘ವೃಕ್ಷಾಯುರ್ವೇದ’ದಲ್ಲಿ ಹೇಳಿರುವ ಕುಣಪಜಲವೆಂಬ ದ್ರವಗೊಬ್ಬರಕ್ಕೆ ಮಾಂಸ, ಕೊಬ್ಬುಗಳ ಜೊತೆ ಮೀನನ್ನೂ ಬೇಯಿಸಿ ಕೊಳೆಯಿಸುತ್ತಾರೆ. ಕಳೆದ ಶತಮಾನದ ಆರಂಭದಲ್ಲಿ ಮಲಬಾರ್ ಮತ್ತು ದಕ್ಷಿಣ ಕನ್ನಡದ ಕಡಲತೀರದಲ್ಲಿ ಬೂತಾಯಿ ಬೇಯಿಸಿ ಎಣ್ಣೆ ಹಿಂಡುವ ಉದ್ಯಮಕ್ಕೆ ಮದರಾಸು ಸರ್ಕಾರದ ಸರ್ ಫ್ರೆಡರಿಕ್ ನಿಕೋಲ್ಸನ್ ಉತ್ತೇಜನ ಕೊಟ್ಟರು. ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿ ಗೊಬ್ಬರವಾಗಿ ಮಾರಾಟವಾಗುತ್ತಿತ್ತು.

ಮೀನಿನಲ್ಲಿ ಅಂಥದ್ದೇನಿದೆ? ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡಾ ಅರ್ಧದಷ್ಟು. ಒಣಗಿಸಿ ಪುಡಿ ಮಾಡಿದ ಮೀನಿನ ಗೊಬ್ಬರದಲ್ಲಿ ಅದು ಶೇ 4ರಿಂದ 10ರವರೆಗೆ, ರಂಜಕ ಶೇ 3ರಿಂದ 9ರವರೆಗೆ ಇರುತ್ತದೆ. ಸಾರಜನಕ ಬರುವುದು ಮಾಂಸದಿಂದ, ರಂಜಕವೂ ಸುಣ್ಣದ ಅಂಶವೂ ಮುಳ್ಳಿನಿಂದ. ಮಾಂಸ ಬೇಗ ಕರಗುತ್ತದೆ, ಮುಳ್ಳು ನಿಧಾನ. ಹಾಗಾಗಿ ಗಿಡಕ್ಕೆ ಕೂಡಲೇ ಒಂದಿಷ್ಟು ಸಿಕ್ಕಿ, ಮಿಕ್ಕಿದ್ದು ತಿಂಗಳುಗಟ್ಟಲೆ ಸಿಗುತ್ತಿರುತ್ತದೆ. ನಮ್ಮ ಮುರಕಲ್ಲಿನ ಕೆಂಪು ಮಣ್ಣು ಹುಳಿ ಮಣ್ಣು. ಮೂಳೆ, ಮುಳ್ಳು ಕರಗಲು ಆ ಹುಳಿಯೇ ನೆರವಾಗುತ್ತದೆ. ರಾಸಾಯನಿಕ ರಂಜಕವನ್ನಾದರೆ ಈ ಮಣ್ಣಿನ ಕಬ್ಬಿಣದಂಶ ಬೇಗ ಹಿಡಿದಿಟ್ಟುಕೊಂಡು ಬೇರಿಗೆ ಸಿಗದಂತೆ ಮಾಡುತ್ತದೆ.

ಇನ್ನು ಕೊರತೆಯ ಮಾತು. ಮೀನಿನ ಗೊಬ್ಬರದಲ್ಲಿ ಪೊಟ್ಯಾಷ್ ಶೇ 0.3ರಿಂದ 1.5 ಮಾತ್ರ. ಫಸಲು ಕೊಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಕೊಡಬೇಕೆಂಬುದು ಕೃಷಿ ತಜ್ಞರ ಶಿಫಾರಸು. ತೆಂಗು ಹೆಚ್ಚು ಕೇಳುವುದನ್ನೇ ಮೀನು ಕಡಿಮೆ ಕೊಡುತ್ತದೆ. ಹಿರಿಯರು ತೆಂಗಿನ ಬುಡಕ್ಕೆ ಬಚ್ಚಲ ಒಲೆಯ ಬೂದಿಯನ್ನೂ ಸುಡುಮಣ್ಣನ್ನೂ ತಪ್ಪದೆ ಹಾಕುತ್ತಿದ್ದುದು ಈ ಕೊರತೆಯನ್ನು ತುಂಬುತ್ತಿತ್ತು. ತೆಂಗಿನ ಸಿಪ್ಪೆ ಉರಿಸಿದ ಬೂದಿಯಲ್ಲಂತೂ ಪೊಟ್ಯಾಷ್ ಹೇರಳ. ಮಲ್ಲಿಗೆ, ಗುಲಾಬಿ, ಬದನೆಗೂ ಇದೇ ಲೆಕ್ಕ. ಬರೀ ಮೀನು ಕೊಟ್ಟರೆ ಎಲೆ ಸೊಂಪಾಗಿ, ಮೊಗ್ಗು ಕಡಿಮೆಯಾಗುತ್ತದೆ. ಒಂದು ಎಚ್ಚರಿಕೆ: ಬೂದಿ ಮತ್ತು ಮೀನನ್ನು ಒಟ್ಟಿಗೆ ಕಲಸಬೇಡಿ. ಬೂದಿಯ ಕ್ಷಾರಕ್ಕೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ನಡುವೆ ಹತ್ತು ಹದಿನೈದು ದಿನ ಬಿಡಿ.

ತಯಾರಿ ಸುಲಭ. ತಿನ್ನುವ ಮೀನನ್ನು ಇದಕ್ಕೆ ಹಾಳು ಮಾಡಬೇಕಾಗಿಲ್ಲ, ಮಾರುಕಟ್ಟೆಯಲ್ಲಿ ಮೀನು ಕೊಯ್ದು ಕೊಡುವವರ ಬಳಿ ತಲೆ, ಕಿವಿರು, ಕರುಳು ಕೇಳಿ ತನ್ನಿ. ಸಣ್ಣಗೆ ಕತ್ತರಿಸಿ, ಅಷ್ಟೇ ತೂಕದ ಬೆಲ್ಲದ ಪುಡಿಯ ಜೊತೆ ಭರಣಿಗೆ ಪದರ ಪದರವಾಗಿ ತುಂಬಿ. ಕಪ್ಪಾದ ಹಳೆಯ ಬೆಲ್ಲವೇ ಸಾಕು. ಭರಣಿಯ ಕಾಲು ಭಾಗ ಖಾಲಿ ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿ ನೆರಳಿನಲ್ಲಿಡಿ. ಬೆಲ್ಲ ಮೀನಿನ ನೀರನ್ನು ಎಳೆದುಕೊಳ್ಳುತ್ತದೆ. ಕರುಳಿನ ಕಿಣ್ವಗಳು ಮಾಂಸವನ್ನು ಅಮಿನೋ ಆಮ್ಲಗಳಾಗಿ ಒಡೆಯುತ್ತವೆ. ಹುಳಿ ಬರಿಸುವ ಸೂಕ್ಷ್ಮಜೀವಿಗಳು ಬಲಿತು ಕೊಳೆಸುವ ಜೀವಿಗಳನ್ನು ಹತ್ತಿಕ್ಕುತ್ತವೆ. ಮೂರು ನಾಲ್ಕು ವಾರಗಳಲ್ಲಿ ಜೇನಿನ ಬಣ್ಣದ ಪಾಕ ಮೇಲೆ ನಿಲ್ಲುತ್ತದೆ. ಬಟ್ಟೆ ಬಿಚ್ಚಿದಾಗ ಹುಳಿಬೆರೆತ ಸಿಹಿ ವಾಸನೆ ಬಂದರೆ ಹದವಾಗಿದೆ ಎಂದರ್ಥ. ಕೊಳೆತ ನಾತ ಬಂದರೆ ಬೆಲ್ಲ ಸಾಲದಾಗಿದೆ, ಇನ್ನಷ್ಟು ಸೇರಿಸಿ. ಸೋಸಿ ಉಳಿದ ಮುಳ್ಳನ್ನು ತೆಂಗಿನ ಬುಡದಲ್ಲಿ ಆಳವಾಗಿ ಹೂತುಬಿಡಿ. ಮೇಲ್ಮೇಲೆ ಹೂತರೆ ನಾಯಿ, ಹೆಗ್ಗಣಗಳು ಕೆದಕುತ್ತವೆ.

ಕೊಡುವಾಗ ಕೈ ಬಿಗಿ ಇರಲಿ. ಒಂದು ಲೀಟರ್ ನೀರಿಗೆ 5 ಮಿ.ಲೀ., ಅಂದರೆ ಒಂದು ಟೀ ಚಮಚ. ಹದಿನೈದು ದಿನಕ್ಕೊಮ್ಮೆ ಸಂಜೆ ಹೊತ್ತು, ಒದ್ದೆ ಮಣ್ಣಿಗೆ. ಬಸಳೆ, ಹರಿವೆ, ಕರಿಬೇವಿನಂಥ ಸೊಪ್ಪಿನ ಗಿಡಗಳಿಗೆ ಇದು ಎಂದಿಗೂ ಹಿತ. ಮಲ್ಲಿಗೆಗೆ ಸವರಿದ ಮೇಲೆ, ಹೊಸ ಚಿಗುರು ಏಳುವಾಗ ಕೊಟ್ಟು, ಮೊಗ್ಗು ಕಾಣುತ್ತಿದ್ದಂತೆ ಬೂದಿಗೆ ಬದಲಾಯಿಸಿ. ಆಟಿ ತಿಂಗಳ ಜಡಿಮಳೆಯಲ್ಲಿ ಕೊಟ್ಟರೆ ಸಾರವೆಲ್ಲ ತೋಡಿನ ಪಾಲು. ಉಪ್ಪು ಹಾಕಿದ ಒಣಮೀನನ್ನು ಕುಂಡದ ಗಿಡಕ್ಕೆ ಕೊಡಲೇಬೇಡಿ. ತೆಂಗು ಉಪ್ಪನ್ನು ತಾಳಿಕೊಳ್ಳುತ್ತದೆ, ಗುಲಾಬಿ ತಾಳದು.

ಮೀನಿನ ಗೊಬ್ಬರ ಕಾಂಪೋಸ್ಟ್‌ನ ಜಾಗ ತುಂಬಲಾರದು. ಮಣ್ಣಿನಲ್ಲಿ ಸೊಪ್ಪು, ತರಗೆಲೆ, ಸೆಗಣಿ ಇದ್ದರೆ ಮಾತ್ರ ಅದರ ಸಾರವನ್ನು ಹಿಡಿದಿಟ್ಟು ಬೇರಿಗೆ ದಾಟಿಸುವ ಜೀವಿಗಳು ಇರುತ್ತವೆ. ಮೊದಲು ಮಣ್ಣಿಗೆ ಕಾಂಪೋಸ್ಟ್ ಸೇರಿಸಿ, ಆಮೇಲೆ ಮೀನು ಕೊಡಿ, ಹೂವು ಕಾಯಿ ಬೇಕೆಂದಾಗ ಬೂದಿ ಹಾಕಿ. ಮಳೆ ಹೊಳವಾಗುವ ಹೊತ್ತಿಗೆ ಭರಣಿ ಸಿದ್ಧವಿರಲಿ. ಮುಂದಿನ ಸಲ ಮೀನು ಕೊಳ್ಳಲು ಹೋದಾಗ ಕೊಯ್ದ ಕಸವನ್ನೂ ಕೇಳಿ ತನ್ನಿ.