‘ವಿದ್ಯುಜ್ಜನಕ ವಸ್ತ್ರ’ವೆಂಬ ವ್ಯವಹಾರದ ವಿಮರ್ಶೆ

ಉಟ್ಟವನ ಚಲನದಿಂದ ವಿದ್ಯುತ್ತನ್ನು ಪಡೆಯುವ ಉಡುಪುಗಳನ್ನು ವಿದ್ಯುಜ್ಜನಕ ವಸ್ತ್ರಗಳೆಂದು ಹೇಳುವುದು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಾರ್ಹವಾಗಿದೆ. ಹೆಸರು ಓರೆಯಾದರೆ ವಸ್ತುವಿನ ಬೆಲೆಯನ್ನು ಕಟ್ಟುವುದೂ ಓರೆಯಾಗುವುದು.

ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕೆಲವು ಸ್ಫಟಿಕಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ತೋರುವುದೆಂದು ಜಾಕ್ ಮತ್ತು ಪಿಯೆರ್ ಕ್ಯೂರಿ ಸಹೋದರರು 1880ರಲ್ಲಿ ಕಂಡರು, ಇದು ಪೀಡನವಿದ್ಯುತ್ತು. ಭಿನ್ನಸ್ವಭಾವದ ಪದಾರ್ಥಗಳೆರಡು ಸೋಂಕಿ ಅಗಲಿದಾಗ ಹುಟ್ಟುವುದು ಇನ್ನೊಂದು. ಉಜ್ಜಿದ ಅಂಬರು ಹುಲ್ಲೆಳೆಯನ್ನು ಸೆಳೆಯುವುದನ್ನು ನಮ್ಮವರೂ ಬಲ್ಲರು. ಸಂಸ್ಕೃತದಲ್ಲಿ ಅದಕ್ಕೆ ತೃಣಮಣಿಯೆಂದೇ ಹೆಸರು. ಅಮೆರಿಕದ ಜಾರ್ಜಿಯ ಶಿಲ್ಪವಿಜ್ಞಾನ ಸಂಸ್ಥೆಯಲ್ಲಿ ಝೋಂಗ್ ಲಿನ್ ವಾಂಗರೂ ಅವರ ಸಂಗಡಿಗರೂ 2008ರಲ್ಲಿ ಸತುವಿನ ಆಕ್ಸೈಡಿನ ಸೂಕ್ಷ್ಮತಂತುಗಳನ್ನು ಬೆಳೆಯಿಸಿದ ನೂಲುಗಳಿಂದ ಮೊದಲನೆಯ ಬಗೆಯನ್ನೂ, 2012ರಲ್ಲಿ ಎರಡನೆಯ ತತ್ತ್ವದ ಯಂತ್ರವನ್ನೂ ಪ್ರಕಟಿಸಿದರು.

ಎರಡನೆಯದನ್ನು ‘ಘರ್ಷಣವಿದ್ಯುತ್’ ಎನ್ನುವುದು ಗ್ರೀಕ್ ಮೂಲದ ‘ಟ್ರೈಬೋ’ ಶಬ್ದಕ್ಕೆ ಅನುಗುಣವಾದರೂ ಅರ್ಥಕ್ಕೆ ಪೂರ್ಣವಾಗಿ ಒಪ್ಪದು. ಉಜ್ಜುವುದು ಇಲ್ಲಿ ಅನಿವಾರ್ಯವಲ್ಲ. ಸ್ಪರ್ಶವೂ ವಿಯೋಗವೂ ಸಾಕು. ಇದಕ್ಕೆ ಪ್ರತಿಯಾಗಿ 2008ರ ನೂಲುಗಳು ಒಂದನ್ನೊಂದು ಉಜ್ಜುತ್ತಿದ್ದರೂ ಅಲ್ಲಿ ಕಾರಣವು ತಂತುಗಳ ಬಾಗುವಿಕೆಯೇ ಹೊರತು ಘರ್ಷಣವಲ್ಲ. ಆದುದರಿಂದ ಹೊರಗಣ ಕ್ರಿಯೆಯನ್ನು ನೋಡಿ ಹೆಸರಿಡಲಾಗದು. ‘ಸ್ಪರ್ಶವಿದ್ಯುತ್’ ಎಂಬುದೇ ಯುಕ್ತವೆಂದು ತೋರುತ್ತದೆ.

ಇನ್ನು ‘ಜನಕ’ ಶಬ್ದ. ಬಟ್ಟೆಯು ಶಕ್ತಿಯನ್ನು ಹೊಸದಾಗಿ ಹುಟ್ಟಿಸದು. ಉಂಡ ಅನ್ನದಿಂದ ದೇಹಕ್ಕೆ ಬಂದ ಶಕ್ತಿಯು ಚಲನವಾಗಿ, ಆ ಚಲನದ ಅಲ್ಪಾಂಶವು ವಿದ್ಯುತ್ತಾಗುವುದು. ಬಟ್ಟೆ ಇಲ್ಲಿ ನಿಮಿತ್ತಮಾತ್ರ, ಪರಿವರ್ತಕವೇ ಸರಿ. ‘ನೂರಾರು ವೋಲ್ಟು ಬರುವುದಲ್ಲ’ ಎಂದು ಆಕ್ಷೇಪಿಸಬಹುದು. ವೋಲ್ಟು ಹೆಚ್ಚಿದ್ದರೂ ಪ್ರವಾಹವು ಅತ್ಯಲ್ಪ. ಬಳಕೆಗೆ ದೊರೆಯುವ ಸರಾಸರಿ ಶಕ್ತಿ ಸಾಮಾನ್ಯವಾಗಿ ಕೆಲವು ಮಿಲಿವಾಟ್ಟು, ಎಷ್ಟೋ ವೇಳೆ ಅದಕ್ಕೂ ಕಡಮೆ. ಎತ್ತರದಿಂದ ಬೀಳುವ ಒಂದು ಹನಿಯಿಂದ ಗದ್ದೆ ನೆನೆಯದು.

‘ವಸ್ತ್ರ’ ಶಬ್ದವೂ ಒಂದು ಕಟ್ಟಳೆಯನ್ನು ವಿಧಿಸುತ್ತದೆ. ಹೊದಿಸುವುದೆಂಬರ್ಥದ ‘ವಸ್’ ಧಾತುವಿನಿಂದ ಬಂದ ಈ ಹೆಸರಿಗೆ ಪಾತ್ರವಾಗಬೇಕಾದರೆ ಅದು ಮೃದುವಾಗಿರಬೇಕು, ಗಾಳಿಯಾಡಬೇಕು, ಒಗೆತವನ್ನು ತಾಳಬೇಕು. ಬೆವರಿನ ತೇವದಲ್ಲಿ ಸ್ಪರ್ಶವಿದ್ಯುತ್ತು ಸೋರಿಹೋಗುವುದು. ಅದನ್ನು ತಡೆಯಲು ಮೇಣದಂತಹ ಲೇಪವನ್ನು ಬಳಿದರೆ ಬಟ್ಟೆಯ ಗುಣವೇ ಕುಂದುವ ಭಯವುಂಟು. ಪ್ರಯೋಗಶಾಲೆಯ ಒಣಗಾಳಿಯಲ್ಲಿ ಬಂದ ಅಂಕಿಯನ್ನು ದುಡಿಯುವವನ ಬೆನ್ನಿಗೆ ಅನ್ವಯಿಸುವುದು ನ್ಯಾಯವಲ್ಲ.

ಹೀಗೆಂದು ಈ ಉದ್ಯಮವು ವ್ಯರ್ಥವಲ್ಲ. ನಾಡಿಯ ಮಿಡಿತ, ಉಸಿರಾಟ ಮೊದಲಾದವನ್ನು ಸೂಚಿಸುವ ಕಾರ್ಯಕ್ಕೆ ಇಷ್ಟು ಅಲ್ಪ ವಿದ್ಯುತ್ತೇ ಸಾಕು. ಇದರ ನಿಜವಾದ ಪ್ರಯೋಜನವು ಅಲ್ಲಿರುವಂತೆ ಕಾಣುತ್ತದೆ. ‘ಚಲನವಿದ್ಯುದ್ವಸ್ತ್ರ’ವೆಂದು ಕರೆದರೆ ಚಲನವೇ ಮೂಲವೆಂಬುದು ಹೆಸರಿನಲ್ಲಿಯೇ ತಿಳಿಯುವುದು; ದೀಪವನ್ನು ಬೆಳಗಿಸುವ ಅಂಗಿಯ ಆಸೆಯಿಂದ ಯಾರೂ ಮೋಸಹೋಗರು.