ನಮೂನೆ ತುಂಬುವಲ್ಲಿ ಔಚಿತ್ಯವಿಚಾರ

ಕಾವ್ಯದ ಔಚಿತ್ಯವನ್ನು ಕುರಿತು ನಮ್ಮ ಪೂರ್ವಸೂರಿಗಳು ಬೇಕಾದಷ್ಟು ಬರೆದಿದ್ದಾರೆ. ಕಚೇರಿಯ ಅಚ್ಚಿನ ನಮೂನೆಯನ್ನು ತುಂಬುವವನ ಭಾಷೆ ಹೇಗಿರಬೇಕೆಂಬುದು ಮಾತ್ರ ವಿದ್ವಾಂಸರ ಲಕ್ಷ್ಯಕ್ಕೆ ಅಷ್ಟಾಗಿ ಬಂದಂತಿಲ್ಲ. ಇದು ಕ್ಷುದ್ರವಿಷಯವೆಂದು ನಗುವವರುಂಟು, ನಾನೂ ನಗುತ್ತಿದ್ದವನೇ.

1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಿಂದ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಶಾಸನಾಧಿಕಾರವೆಂಬ ಪ್ರಕರಣವಿದೆ. ರಾಜಲೇಖಕ್ಕೆ ಬೇಕಾದ ಆರು ಗುಣಗಳು ಅಲ್ಲಿ ನಿರೂಪಿತವಾಗಿವೆ. ಅವುಗಳಲ್ಲಿ ಔದಾರ್ಯವೆಂದರೆ ಗ್ರಾಮ್ಯವಲ್ಲದ ಮಾತನ್ನು ಆರಿಸುವುದು. ಸ್ಪಷ್ಟತ್ವವೆಂದರೆ ಎಲ್ಲರಿಗೂ ಪ್ರತೀತವಾದ ಮಾತನ್ನು ಆರಿಸುವುದು. ಎರಡೂ ಒಂದೇ ಪದದಲ್ಲಿ ಕೂಡಿಬಂದರೆ ಚಿಂತೆಯಿಲ್ಲ. ಕೂಡದಿದ್ದಾಗ ಯಾವುದನ್ನು ಬಿಡತಕ್ಕುದು?

ಈ ಪ್ರಶ್ನೆ ನನಗೆ ಗ್ರಂಥದಿಂದ ಹುಟ್ಟಿದುದಲ್ಲ. ನಮ್ಮ ಬೀದಿಯ ಹೆಂಗಸೊಬ್ಬರು ವಿಧವಾ ವೇತನದ ಅರ್ಜಿಯನ್ನು ನನ್ನಿಂದ ತುಂಬಿಸಿಕೊಂಡರು. ಗಂಡ ತೀರಿಕೊಂಡು ನಾಲ್ಕು ತಿಂಗಳೂ ಕಳೆದಿರಲಿಲ್ಲ. ‘ವೈವಾಹಿಕ ಸ್ಥಿತಿ’ ಎಂಬ ಕಲಮಿಗೆ ಬಂದಾಗ ಆಕೆಯ ಎದುರಿನಲ್ಲಿ ‘ವಿಧವೆ’ ಎಂದು ಬರೆಯಲು ನನ್ನ ಕೈ ಏಳಲಿಲ್ಲ. ‘ಗತಭರ್ತೃಕೆ’ ಎಂದು ಬರೆದೆನು. ಸಮಾಸವೇನೋ ಶುದ್ಧವಾದುದು. ಆದರೆ ಕಲಮು ಅರ್ಥವಾಗಲಿಲ್ಲವೆಂದು ಗುಮಾಸ್ತೆಯು ಅರ್ಜಿಯನ್ನು ಹಿಂದಿರುಗಿಸಿದನು. ಆಕೆ ಕಚೇರಿಗೆ ಮತ್ತೆರಡು ಸಲ ಅಲೆದರು. ಎರಡು ತಿಂಗಳು ವ್ಯರ್ಥವಾದುವು. ಆಕೆಗೆ ಬೇಕಾಗಿದ್ದುದು ಅಕ್ಕಿಗೆ ಹಣ, ನಾನು ಕೊಟ್ಟುದು ಔದಾರ್ಯಗುಣ.

ಬಿನ್ನವತ್ತಳೆಗೂ ನಮೂನೆಗೂ ಇರುವ ಭೇದವನ್ನು ನಾನು ಮರೆತಿದ್ದೆನು. ಬಿನ್ನವತ್ತಳೆಯಲ್ಲಿ ಸಂಬೋಧನೆಯಿಂದ ಹಿಡಿದು ಅಂಕಿತದವರೆಗೆ ವಾಕ್ಯವು ಬೇಡುವವನದು. ವಿನಯಕ್ಕೆ ಅಲ್ಲಿ ಎಡೆಯುಂಟು. ನಮೂನೆಯಲ್ಲಾದರೋ ವಾಕ್ಯವನ್ನು ಆರಂಭಿಸಿದವರು ಕಚೇರಿಯವರು. ನಾವು ವಿಧೇಯಪದವೊಂದನ್ನು ಮಾತ್ರ ಸೇರಿಸುತ್ತೇವೆ. ಆ ಪದವು ಕೇಳಿದ ಪ್ರಶ್ನೆಯ ಮಟ್ಟದಲ್ಲಿಯೇ ಇರಬೇಕು. ಹೀಗಿದ್ದರೂ 2005ರ ಮಾಹಿತಿ ಹಕ್ಕಿನ ಅಧಿನಿಯಮದಂತೆ ಬರೆಯುವ ಅರ್ಜಿಗಳಲ್ಲಿ ‘ದಯಾಳುಗಳಾದ ತಾವು’ ಎಂಬ ಸ್ತೋತ್ರವನ್ನು ಕಂಡಿದ್ದೇನೆ. ಕೇಳುವವನು ಕಾರಣವನ್ನೂ ಹೇಳಬೇಕಾಗಿಲ್ಲವೆಂದು ಅದರ ಆರನೆಯ ಪ್ರಕರಣವೇ ವಿಧಿಸಿರುವಾಗ ದಯೆಯ ಮಾತೆಲ್ಲಿಯದು?

ಇನ್ನು ‘ಬಿನ್’ ಎಂಬ ಅರಬ್ಬೀ ಶಬ್ದವನ್ನು ಕಿತ್ತು ‘ಪುತ್ರ’ ಎಂದಿಡಬೇಕೆನ್ನುವವರ ಪಕ್ಷ ನನ್ನದಲ್ಲ. ರೈತನಿಗೂ ಶಾನುಭೋಗನಿಗೂ ತಲೆಮಾರುಗಳಿಂದ ಪ್ರತೀತವಾಗಿ ಬಂದ ಮಾತದು. ಶುದ್ಧಿಯ ಉತ್ಸಾಹವುಳ್ಳವರು ಕಚೇರಿಯ ಫಲಕಗಳಲ್ಲಿ ಕಾಣುವ ‘ಧೃಢೀಕರಣ’ದ ಮೊದಲಕ್ಷರವನ್ನು ತಿದ್ದಲಿ; ಕೆಲಸ ಸಾಕಷ್ಟಿದೆ.

ಇಷ್ಟಾದರೂ ದೋಷವೆಲ್ಲ ತುಂಬಿದವನದೇ ಎಂದು ಒಪ್ಪಲಾರೆ. ಅದೇ ನಮೂನೆಯಲ್ಲಿ ಎರಡು ಸಾಲಿನ ಕೆಳಗೆ ‘ಪತಿಯ ಮರಣದ ದಿನಾಂಕ’ ಎಂಬ ಕಲಮಿತ್ತು. ಮರಣಪತ್ರದ ಪ್ರತಿಯನ್ನೂ ಲಗತ್ತಿಸಬೇಕಾಗಿತ್ತು. ಅರ್ಜಿಯ ಶೀರ್ಷಿಕೆಯೇ ವಿಧವಾ ವೇತನವೆಂದಿತ್ತು. ಒಂದೇ ಸಂಗತಿಯನ್ನು ನಾಲ್ಕು ಬಾರಿ ಹೇಳಿಸುವುದು ಕೌಟಿಲ್ಯನ ಗಣನೆಯಲ್ಲಿ ಪುನರುಕ್ತವೆಂಬ ಲೇಖದೋಷ. ‘ವೈವಾಹಿಕ ಸ್ಥಿತಿ’ಯ ಕಲಮನ್ನು ಆ ಹಾಳೆಯಿಂದ ತೆಗೆದುಹಾಕಿದ್ದರೆ ಗುಮಾಸ್ತೆಗೆ ನಷ್ಟವಿರಲಿಲ್ಲ, ಆ ಮಾತನ್ನು ಆಕೆಯ ಮುಂದೆ ಬರೆಯುವ ಪ್ರಸಂಗವೂ ನನಗೆ ಬರುತ್ತಿರಲಿಲ್ಲ.