ಕರೆಂಟು ಹೋದಾಗಿನ ಎರಡನೇ ಪರದೆ

ಲಿನಕ್ಸ್‌ನಲ್ಲಿ ಎರಡನೇ ಮಾನಿಟರ್ ಜೋಡಿಸುವವರು ಎಕ್ಸ್‌ರ್ಯಾಂಡರ್ ಆಜ್ಞೆಯ ಒಂದು ಸಾಲನ್ನು ಸ್ಕ್ರಿಪ್ಟಾಗಿ ಬರೆದಿಟ್ಟುಕೊಳ್ಳುವುದು ಹಳೆಯ ರೂಢಿ: ಎಚ್‌ಡಿಎಂಐ-1ರಲ್ಲಿ ಇರುವುದು ಲ್ಯಾಪ್‌ಟಾಪ್ ಪರದೆಯ ಬಲಕ್ಕೆ ಬರಲಿ, ಅಷ್ಟೆ. ಒಂದೇ ಮೇಜು, ಒಂದೇ ಮಾನಿಟರ್ ಇರುವವರೆಗೆ ಇದು ಸಾಕು. ಕೇಬಲ್ ಬೇರೆ ಪೋರ್ಟಿಗೆ ಹೋದರೆ ಹೆಸರು ಬದಲಾಗಿ, ಸ್ಕ್ರಿಪ್ಟ್ ಕೈಕೊಡುತ್ತದೆ.

ಆಟೋರ್ಯಾಂಡರ್ ಎಂಬ ತಂತ್ರಾಂಶ ಈ ದೋಷದ ಬುಡಕ್ಕೇ ಕೈಹಾಕಿದೆ. ಮಾನಿಟರ್‌ಗಳು ತಮ್ಮ ತಯಾರಕರು ಯಾರು, ಮಾದರಿ ಯಾವುದು ಎಂಬುದನ್ನು ಇಡಿಐಡಿ ಎಂಬ ಮಾಹಿತಿಯಲ್ಲಿ ಹೊತ್ತಿರುತ್ತವೆ. ಅದರ ಮೂಲ ಭಾಗ 128 ಬೈಟ್. ಅದನ್ನು ಓದಿ, ಹಿಂದೆ ಉಳಿಸಿಟ್ಟ ಜೋಡಣೆಯನ್ನು ಆಟೋರ್ಯಾಂಡರ್ ತಾನೇ ತರುತ್ತದೆ. ಪೋರ್ಟಿನ ಹೆಸರು ಬದಲಾದರೂ ಗುರುತು ಸಿಗಬೇಕಾದರೆ ‘ಮ್ಯಾಚ್-ಇಡಿಐಡಿ’ ಆಯ್ಕೆ ಕೊಡಬೇಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವವರಿಗೆ ಇಷ್ಟು ಸಾಲದು. ಇಲ್ಲಿ ಕರೆಂಟು ಹೋಗುತ್ತದೆ. ಯುಪಿಎಸ್ ಇಲ್ಲದ ಮಾನಿಟರ್ ಕಪ್ಪಾಗುತ್ತದೆ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಲೇ ಇರುತ್ತದೆ. ಎಚ್‌ಡಿಎಂಐ ಕೇಬಲ್‌ನಲ್ಲಿ ಲ್ಯಾಪ್‌ಟಾಪ್ ಕಡೆಯಿಂದಲೇ 5 ವೋಲ್ಟ್ ಹರಿಯುತ್ತದೆ; ಹಲವು ಮಾನಿಟರ್‌ಗಳ ಇಡಿಐಡಿ ಚಿಪ್ಪಿಗೆ ಅಷ್ಟೇ ಸಾಕು. ಪರದೆ ಆರಿದ್ದರೂ ಅದು ಹಾಜರಿ ಹಾಕುತ್ತದೆ, ಆಟೋರ್ಯಾಂಡರ್ ನಂಬುತ್ತದೆ, ತೆರೆದಿಟ್ಟ ಕೆಲಸವೆಲ್ಲ ಕಾಣದ ಪರದೆಯಲ್ಲೇ ಉಳಿಯುತ್ತದೆ. ಮೀಟಿಂಗ್ ನಡುವೆ ಹೀಗಾದರೆ ಕರ್ಸರ್ ಎಲ್ಲಿದೆಯೆಂದು ಹುಡುಕುವುದೇ ಆಗುತ್ತದೆ. ಗುರುತು ಹಿಡಿಯುವ ಜಾಣತನಕ್ಕಿಂತ ಇಲ್ಲಿ ಬೇಕಾದದ್ದು, ಒಂದು ಕೀಲಿ ಒತ್ತಿದೊಡನೆ ಹೊರಪರದೆಯನ್ನು ಆರಿಸಿ ಎಲ್ಲವನ್ನೂ ಲ್ಯಾಪ್‌ಟಾಪ್‌ಗೆ ಎಳೆದು ತರುವ ಎರಡು ಸಾಲು. ಜೋಡಿಸುವ ಸಾಲಿದ್ದು ಬಿಡಿಸುವ ಸಾಲಿಲ್ಲದ ಸ್ಕ್ರಿಪ್ಟನ್ನು ನಾನು ಅರ್ಧ ಕೆಲಸವೆಂದೇ ಎಣಿಸುತ್ತೇನೆ.

ಇಡಿಐಡಿಯನ್ನು ನೆಚ್ಚಲಾಗದ ಇನ್ನೊಂದು ಜಾಗ ತರಗತಿ. ಐಟಿ ಫಾರ್ ಚೇಂಜ್ ಸಂಸ್ಥೆಯ ತರಬೇತಿಗಳಲ್ಲಿ ಉಬುಂಟು ಎಂಬ ಲಿನಕ್ಸ್ ಕಲಿತ ಸರ್ಕಾರಿ ಪ್ರೌಢಶಾಲಾ ಶಿಕ್ಷಕರು ರಾಜ್ಯದಲ್ಲಿ ಅನೇಕರಿದ್ದಾರೆ. ತರಗತಿಯ ಹಳೆಯ ವಿಜಿಎ ಪ್ರೊಜೆಕ್ಟರಿಗೆ ಕನ್ವರ್ಟರ್ ಹಾಕಿದಾಗ ಇಡಿಐಡಿ ದಾಟಿ ಬರದೇ ಹೋಗಬಹುದು. ಅವರಿಗೆ 1024×768ರಲ್ಲಿ ಎರಡೂ ಕಡೆ ಒಂದೇ ಚಿತ್ರ ತೋರಿಸುವ ಕೈಬರಹದ ಸ್ಕ್ರಿಪ್ಟೇ ಮೇಲು.

ಈ ಸ್ಕ್ರಿಪ್ಟುಗಳಿಗೂ ಒಂದು ಮಿತಿಯಿದೆ. ಉಬುಂಟು 2021ರಿಂದ ಪರದೆ ನಿಭಾಯಿಸಲು ವೇಲ್ಯಾಂಡ್ ಎಂಬ ವ್ಯವಸ್ಥೆಯನ್ನೇ ಮೊದಲ ಆಯ್ಕೆಯಾಗಿ ಕೊಡುತ್ತಿದೆ. ಅಲ್ಲಿ ಎಕ್ಸ್‌ರ್ಯಾಂಡರ್ ಜೋಡಣೆ ಬದಲಿಸಲಾರದು. ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್ ಜೋಡಣೆಯನ್ನು ತಾನೇ ನೆನಪಿಟ್ಟುಕೊಳ್ಳುತ್ತದೆ, ಸ್ವೇ ಎಂಬ ವಿಂಡೋ ಮ್ಯಾನೇಜರ್ ಬಳಸುವವರಿಗೆ ಅದೇ ಕೆಲಸಕ್ಕೆ ಕಾನ್‌ಶಿ ಇದೆ. ನಾನು ಕೇಳಿದ ಆ ಕೀಲಿಯೂ ಗ್ನೋಮ್‌ನಲ್ಲಿ ಸಿದ್ಧವಿದೆ: ಸೂಪರ್ ಕೀಲಿ ಹಿಡಿದು ಪಿ ಒತ್ತುತ್ತ ಹೋದರೆ ಲ್ಯಾಪ್‌ಟಾಪ್ ಪರದೆ ಮಾತ್ರ ಉಳಿಸುವ ಆಯ್ಕೆ ಸಿಗುತ್ತದೆ. ಆದರೆ ಆ ಆಯ್ಕೆಗಳ ಪಟ್ಟಿ ಮೂಡುವುದು ಮುಖ್ಯ ಪರದೆಯಲ್ಲಿ. ದೊಡ್ಡದೆಂದು ಹೊರಗಿನ ಮಾನಿಟರನ್ನೇ ಮುಖ್ಯವಾಗಿಸಿಕೊಂಡವರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಕರೆಂಟು ಹೋಗುವ ಸೀಮೆಯಲ್ಲಿ ಲ್ಯಾಪ್‌ಟಾಪ್ ಪರದೆಯನ್ನೇ ಮುಖ್ಯವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.